ಕೈ ಅಳೆಯದೆ ಬಿಲ್ಲು ಕೊಡದವನು

ಕಂಪ್ಲಿ ರಸ್ತೆಯ ಬದಿಯಲ್ಲಿ ಬಿದಿರಿನ ಬಿಲ್ಲು ಮಾಡಿ ಮಾರುವ ನಮ್ಮ ಹುಲುಗಪ್ಪನಿಗೆ ಗಿರಾಕಿ ಕಂಡರೇ ಸಿಟ್ಟು. ಯಾರೇ ಬರಲಿ, ಮೊದಲು ಎರಡೂ ಕೈ ಚಾಚಿಸಿ ನಿಲ್ಲಿಸುತ್ತಾನೆ. ಬೆರಳ ತುದಿಯಿಂದ ಬೆರಳ ತುದಿಗೆ ಹಗ್ಗ ಹಿಡಿದು ಅಳೆದ ಮೇಲೆಯೇ ಬಿದಿರು ಮುಟ್ಟುವುದು. ಫೋಟೊಕ್ಕೆಂದು ಉದ್ದನೆಯದು ಕೇಳಿದವರಿಗೂ ಬೈಗುಳ, ಚೀಲದಲ್ಲಿ ಹಿಡಿಸುವಂಥ ಗಿಡ್ಡನೆಯದು ಕೇಳಿದವರಿಗೂ ಬೈಗುಳ: “ಬಿಲ್ಲು ಎಳಿಯೋದು ನೀವೋ, ನಿಮ್ಮ ಚೀಲಾನೋ?” ಅಳತೆಗೆ ನಿಲ್ಲಲಿಲ್ಲವೆಂದು ಸ್ವಂತ ಸೋದರಮಾವನನ್ನೇ ಬಿಸಿಲಿಗೆ ಅಟ್ಟಿದವನು. ಹೋದ ತಿಂಗಳು ನಾನು ಅಲ್ಲಿ ಕುಳಿತಿದ್ದಾಗ ಹಂಪಿ ಕಡೆಯ ರೆಸಾರ್ಟಿನವನೊಬ್ಬ ಬಂದು, ಅತಿಥಿಗಳ ಆಟಕ್ಕೆ ಒಂದೇ ಅಳತೆಯ ಐವತ್ತು ಬಿಲ್ಲು ಬೇಕೆಂದ. “ನಿಮ್ಮ ಮಂದಿ ಎಲ್ಲಾರೂ ಒಂದೇ ಎತ್ತರ ಅದಾರೇನ್ರಿ? ಉದ್ದ ಕೈಯವ ಗಿಡ್ಡ ಬಿಲ್ಲು ಪೂರಾ ಎಳದ್ರ ಮಾರಿ ಮ್ಯಾಲೇ ಸಿಡೀತದ!” ಎಂದು ಹುಲುಗಪ್ಪ ಅಬ್ಬರಿಸಿದ. “ಇಷ್ಟಕ್ಕ ಯಾಕ್ರಿ ಸಿಟ್ಟು?” ಎಂದು ರೆಸಾರ್ಟಿನವನು ನಕ್ಕ. ಚಹಾ ತಂದ ಹುಲುಗಪ್ಪನ ಹೆಂಡತಿ ಕರೆಮ್ಮ ಅವನೆದುರು ಬಂದು ನಿಂತಳು. ಆಕೆಯ ಎಡಗಣ್ಣಿನ ಬರಿ ಗುಳಿ ಕಂಡು ಅವನ ನಗು ನಿಂತಿತು. “ನಾನು ಈತಗಿಂತ ಗೇಣು ಎತ್ತರ ಅದೀನಿ. ಮದುವಿಯಾದ ಹೊಸದ್ರಾಗ ತನ್ನ ಅಳತಿ ಬಿಲ್ಲೇ ನನಗೂ ಮಾಡಿಕೊಟ್ಟ. ಎಳದೆ, ಮುರದು ಕಣ್ಣಿಗೆ ಬಡೀತು,” ಎಂದಳು. ಹುಲುಗಪ್ಪ ತಲೆ ತಗ್ಗಿಸಿ ಒಳಗೆ ನಡೆದ. ಅವನಿಗೆ ಕೇಳಲೆಂದೇ ಕರೆಮ್ಮ ದನಿ ಎತ್ತಿದಳು: “ಗಿಡ್ಡ ಆಗ್ತದ ಅಂತ ನಾನು ಮೊದಲೇ ಹೇಳಿದ್ನಿ. ಗಂಡಗಿಂತ ಉದ್ದನ ಬಿಲ್ಲು ಹೆಂಗಸಿಗ್ಯಾಕ ಅಂದಿದ್ದ!”