ಚಾವಿಯೊಳಗಿನ ಭಂಡಾರ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಕಾರು ನಾಲ್ಕು ತಿಂಗಳು ಬೀದರಿನ ನಮ್ಮ ಮನೆ ಮುಂದೆ ಧೂಳು ತಿನ್ನುತ್ತ ನಿಂತಿತ್ತು. ನನಗೆ ಓಡಿಸಲು ಬರುವುದಿಲ್ಲ. ಔರಾದಿನಲ್ಲಿರುವ ಮೈದುನನಿಗೆ ಕೊಟ್ಟುಬಿಡೋಣ ಎಂದು ಅತ್ತೆಯೂ ನಾನೂ ಮಾತಾಡಿಕೊಂಡೆವು. ಭಾನುವಾರ ಸಂಜೆ ಅವನು ಬರುವವನಿದ್ದ. ಅಷ್ಟರೊಳಗೆ ಆ ಕಾರಿನ ಸದ್ದು ಒಂದು ಸಲ ಕೇಳಬೇಕು ಅನ್ನುವುದೊಂದೇ ನನ್ನ ಆಸೆ.

ಎಂಜಿನ್ನಿನ ಸದ್ದಲ್ಲ; ಅದನ್ನು ಬ್ಯಾಟರಿ ಇಳಿಯದಿರಲೆಂದು ಮೈದುನ ಬಂದಾಗೆಲ್ಲ ಚಾಲೂ ಮಾಡಿ ಇಡುತ್ತಿದ್ದ. ಇವರು ಭಾಲ್ಕಿಯ ಆಫೀಸಿನಿಂದ ಬಂದು ಕಾರು ನಿಲ್ಲಿಸಿ ರಿಮೋಟನ್ನು ಎರಡು ಸಲ ಒತ್ತುತ್ತಿದ್ದರು. ಕುಂಯ್, ಕುಂಯ್. ಬಾಗಿಲು ಲಾಕ್ ಆಗಲು ಒಂದೇ ಸಾಕು, ಇನ್ನೊಂದು ನಮಗಾಗಿ. ಮಂಚದ ಮೇಲಿಂದ ಅತ್ತೆ, "ಬಂದಾನ, ಚಾ ಇಡವ್ವ" ಅನ್ನುತ್ತಿದ್ದರು. ನಾನು ಸಿಡುಕುತ್ತಿದ್ದೆ: "ಬಾಯಿಲೆ ಹೇಳ್ಲಾಕ ಏನಾಗ್ತದರಿ ನಿಮಗ? ನಾ ಏನು ಹಾರ್ನಿಗಿ ಓ ಅನ್ಲಾಕ ಬಂದೀನಿ?" ಅವರು ನಗುತ್ತ ಚಪ್ಪಲಿ ಬಿಡುತ್ತಿದ್ದರು. ಆಫೀಸಿನಲ್ಲೇ ಎದೆ ಹಿಡಿದುಕೊಂಡು ಕುಸಿದ ದಿನ ಯಾರೋ ಕಾರು ತಂದು ನಿಲ್ಲಿಸಿ, ಚಾವಿ ನನ್ನ ಕೈಗಿಟ್ಟು ಹೋದರು.

ಭಾನುವಾರ ಬೆಳಿಗ್ಗೆ ಒತ್ತಿದೆ. ಸದ್ದಿಲ್ಲ. ಗಡಿಯಾರದ ಅಂಗಡಿಯಿಂದ ಬಿಲ್ಲೆಯಂಥ ಹೊಸ ಸೆಲ್ ತಂದು, ಚಾಕುವಿನಿಂದ ಮುಚ್ಚಳ ಮೀಟಿ ಕೂಡಿಸಿದೆ. ಇಲ್ಲ. ಪ್ಲಸ್ ಗುರುತು ನೋಡಿ ತಿರುವಿ ಹಾಕಿದೆ. ಇಲ್ಲವೇ ಇಲ್ಲ. ಸೆಲ್ಲೇ ಕೆಟ್ಟಿದ್ದಿರಬೇಕೆಂದು ಮತ್ತೆ ಹೋದರೆ ಅಂಗಡಿಯವನು ಪರೀಕ್ಷಿಸಿ, "ಸೆಲ್ ಬರೋಬರ್ ಅದರಿ ಅಕ್ಕ. ರಿಮೋಟಿನ ಕೆಂಪು ಲೈಟೇ ಹತ್ತವಲ್ದು ಅಂದ್ರ ಒಳಗೇ ಏನೋ ಆಗ್ಯದ" ಅಂದ. ಮೈದುನನಿಗೆ ಫೋನು ಮಾಡಿದೆ. "ರಿಮೋಟ್ ಯಾಕ ಬೇಕರಿ ವೈನಿ? ಚಾವಿ ತಿರುವಿದ್ರ ಬಾಗಲಾ ತೆರೀತದ" ಅಂದ. ನಿನಗೆ ಬೇಡಪ್ಪಾ, ಬೇಕಾಗಿರುವುದು ನನಗೆ ಎಂದುಕೊಂಡು ಫೋನು ಇಟ್ಟೆ.

ಮಧ್ಯಾಹ್ನ ಸಿಟ್ಟಿನಲ್ಲಿ ಕೂತು ಇಡೀ ರಿಮೋಟನ್ನೇ ಬಿಚ್ಚಿದೆ. ಒಳಗಿನ ಸರ್ಕ್ಯೂಟ್ ಪಟ್ಟಿ ಎಬ್ಬಿಸಿದರೆ ಸೆಲ್ಲಿಗೆ ತಾಗುವ ತಗಡಿನ ಕೆಳಗೆಲ್ಲ ಹಳದಿ. ಭಂಡಾರ!

ಇವರದು ಠಾಣಾ ಕುಶನೂರಿನ ಕುರಿ ಸಾಕುವ ಮನೆತನ. ಭಾನುವಾರ ಬಂತೆಂದರೆ ಭಾಲ್ಕಿ ಕಡೆಯ ಖಾನಾಪುರಕ್ಕೆ, ಮೈಲಾರ ಮಲ್ಲಣ್ಣನ ಗುಡಿಗೆ ಹೋಗಲೇಬೇಕು. ಅಲ್ಲಿ ಕೊಡುವ ಅರಿಸಿನದ ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳುವ ಮೊದಲು ಚಾವಿಗೆ ಹಚ್ಚುತ್ತಿದ್ದರು, ಅದೂ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ. "ಗಾಡಿಗಿ ಹಚ್ಚರಿ, ಚಾವಿಗಿ ಯಾಕ? ನನ್ನ ಸೆರಗೆಲ್ಲ ಹಳದಿ ಆಗ್ತದ" ಎಂದು ನಾನು ಒದರಿದರೆ, "ನಮ್ಮಪ್ಪ ಕುರಿ ಹಟ್ಟಿ ಬಾಗಲಿಗಿ ಹಚ್ಚತಿದ್ದ. ನನಗ ಕುರಿ ಎಲ್ಲಿ ಅವ? ಇದೇ ನನ್ನ ಹಟ್ಟಿ, ಇದೇ ನನ್ನ ಬಾಗಲ" ಅನ್ನುತ್ತಿದ್ದರು. ಹಾಗೆ ತಿಕ್ಕಿದ್ದೆಲ್ಲ ಗುಂಡಿಗಳ ಸಂದಿಯಿಂದ ಇಳಿದು, ಬೆವರಿಗೆ ಒದ್ದೆಯಾಗಿ, ಒಳಗೆ ಗಟ್ಟಿಯಾಗಿ ಕೂತಿತ್ತು.

ಒರೆಸಿದರೆ ಸದ್ದು ಬರುತ್ತದೆ. ಆದರೆ ಅವರ ಅಂಗಿಗಳನ್ನು ಹಂಚಿಯಾಗಿತ್ತು, ಹಾಸಿಗೆ ಒಗೆದಾಗಿತ್ತು. ಅವರ ಕೈಯಿಂದ ಬಿದ್ದದ್ದು ಅಂತ ಈ ಚಿಟಿಕೆ ಪುಡಿ ಮಾತ್ರ ಇತ್ತು. ಒರೆಸಲೆಂದು ತೆಗೆದುಕೊಂಡ ಹತ್ತಿಯನ್ನು ಕೆಳಗಿಟ್ಟೆ.

ಅತ್ತೆ ಗೋಡೆ ಹಿಡಿದು ನಡೆದು ಬಂದು ನೋಡಿದರು. ಮಗನ ಕೈಯ ಭಂಡಾರ ಅವರಿಗೆ ಗೊತ್ತಿಲ್ಲವೇ? ಉಗುರಿನಿಂದ ಅದನ್ನು ಕೆರೆದು ತೆಗೆದು, ನಾಲ್ಕು ತಿಂಗಳಿಂದ ಬರಿದಾಗಿದ್ದ ನನ್ನ ಹಣೆಗೆ ಹಚ್ಚಿದರು. "ಕುಂಕುಮ ಬ್ಯಾಡ ಅಂದ್ರು ಮಂದಿ. ಇದು ಮಲ್ಲಣ್ಣಂದು. ಇದಕ್ಕ ಯಾರ ಅಪ್ಪಣಿ ಬೇಕು?" ಅಂದರು. ಉಳಿದದ್ದನ್ನು ನಾನು ಒರೆಸಿದೆ.

ಸೆಲ್ ಕೂಡಿಸಿ, ಮುಚ್ಚಿ, ಅಡಿಗೆಮನೆಯ ಕಿಟಕಿಯಿಂದ ಒತ್ತಿದೆ. ಕೆಂಪು ಲೈಟು ಹತ್ತಿತು. ಕುಂಯ್. ಇನ್ನೊಮ್ಮೆ ಒತ್ತಿದೆ. ಕುಂಯ್.

"ಬಂದಾನ, ಚಾ..." ಮಂಚಕ್ಕೆ ಮರಳಿದ್ದ ಅತ್ತೆಯ ದನಿ ಅಲ್ಲಿಗೇ ನಿಂತಿತು. ಆಮೇಲೆ ಅವರು ಅಳುವುದು ಕೇಳಿಸಿತು. ನಾನೂ ಕಟ್ಟೆಗೆ ಒರಗಿ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಚಹಾ ಇಟ್ಟೆ.

ಮೈದುನ ಬಂದ. ಚಹಾ ಕುಡಿದ. ಚಾವಿ ಇಸಿದುಕೊಂಡು ನನ್ನ ಹಣೆ ನೋಡಿ, ನೋಡದವನಂತೆ ತಲೆ ತಗ್ಗಿಸಿದ.

"ರಿಮೋಟ್ ಚಾಲೂ ಅದ" ಅಂದೆ. "ಊರಿಗಿ ಹೋಗಿ ಗಾಡಿ ನಿಲ್ಲಿಸಿದ ಮ್ಯಾಲ ಒಂದೇ ಸಲ ಒತ್ತು. ಎರಡು ಸಲ ಒತ್ತಬ್ಯಾಡ."

"ಯಾಕ್ರಿ ವೈನಿ? ಕೆಡ್ತದೇನು?"

"ಹೇಳ್ದಂಗ ಮಾಡಪಾ" ಎಂದು ಒಳಗಿನಿಂದ ಅತ್ತೆಯೇ ಹೇಳಿದರು.