ಟವಲಿನ ಮರೆಯ ಚುನಾವಣೆ

ಮೊನ್ನೆ ಅರಸೀಕೆರೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಟವಲು ಕೊಳ್ಳಲು ನಿಂತಿದ್ದೆ. ಅಂಗಡಿಯವರು ಹೊಸದೊಂದನ್ನು ಝಾಡಿಸಿ ಮುಂದೆ ಹರಡಿದರು. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. "ಯಾಕ್ ಮೇಡಂ, ಬಣ್ಣ ಚೆನ್ನಾಗಿಲ್ವಾ?" ಎಂದು ಪಾಪ ಅವರು ಗಾಬರಿಯಾದರು. ಬಣ್ಣಕ್ಕೇನೂ ಆಗಿರಲಿಲ್ಲ. ಇಂಥದೇ ಟವಲಿನ ಮರೆಯಲ್ಲಿ ನಾವೊಮ್ಮೆ ರಾಜಕೀಯ ಪಕ್ಷವೊಂದರ ಶಾಖೆಗೆ ಅಧ್ಯಕ್ಷರನ್ನು ಆರಿಸಿದ್ದೆವು ಎಂದು ಅಂಗಡಿಯಲ್ಲಿ ನಿಂತು ಹೇಳುವುದು ಹೇಗೆ? ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಹಗಲು ಟೈಪಿಂಗ್ ಕಲಿಸುತ್ತಿದ್ದೆ, ಸಂಜೆ ಹೊತ್ತು ದೇಶ ಉದ್ಧಾರ ಮಾಡುತ್ತಿದ್ದೆ. ನಮ್ಮ ಪಕ್ಷದ ಹೆಸರು ಹೇಳಿದರೂ ನಿಮಗೆ ತಿಳಿಯದು. ಈಗ ಅದು ಇಲ್ಲ. ದೇಶದ ತುಂಬ ಶಾಖೆಗಳಿದ್ದವು, ಆದರೆ ಶಾಖೆಗಳಲ್ಲಿ ಜನ ಇರಲಿಲ್ಲ. ಅರಸೀಕೆರೆಗೂ ಬೇಲೂರಿಗೂ ಸೇರಿ ಒಂದೇ ಶಾಖೆ ಮಾಡಿಕೊಂಡಿದ್ದೆವು. ಕೇಳಿದವರಿಗೆ "ಐಕ್ಯತೆಗಾಗಿ" ಎನ್ನುತ್ತಿದ್ದೆವು.

ಇಷ್ಟು ಸಣ್ಣ ಪಕ್ಷವೂ ಒಡೆಯಬಹುದು ಎಂದು ಗೊತ್ತಾದದ್ದು ಆ ವರ್ಷ. ದೊಡ್ಡ ಪಕ್ಷವೊಂದರ ಜೊತೆ ಸೇರಿಹೋಗೋಣವೆ, ಬೇಡವೆ? ದಿಲ್ಲಿಯ ನಾಯಕರಿಗೆ ತೀರ್ಮಾನಿಸಲಾಗದೆ ದೇಶದ ಎಲ್ಲ ಸದಸ್ಯರನ್ನೂ ಕೇಳಿಬಿಟ್ಟರು. ಚೀಟಿಯಲ್ಲಿ 'ಹೌದು' ಅಥವಾ 'ಬೇಡ' ಎಂದು ಬರೆದು ಹಾಕಬೇಕು. ಕೂದಲೆಳೆಯ ಅಂತರದಲ್ಲಿ 'ಬೇಡ' ಗೆದ್ದಿತು. 'ಹೌದು' ಎಂದು ಊರೂರು ಸುತ್ತಿದ್ದ ನಮ್ಮ ಶಾಖೆಯ ಅಧ್ಯಕ್ಷರು ರಾಜೀನಾಮೆ ಬಿಸಾಕಿ ತೆಂಗಿನ ತೋಟ ಸೇರಿಕೊಂಡರು.

ಆಮೇಲೆ ಶುರುವಾಯಿತು ನೋಡಿ. ಸ್ಟೇಷನ್ ರಸ್ತೆಯ ಒಂದು ಹೋಟೆಲು 'ಹೌದು'ಗಳದ್ದು, ಎದುರಿನದು 'ಬೇಡ'ಗಳದ್ದು. ಚೀಟಿಯ ಅಕ್ಷರದಿಂದ ಯಾರು ಏನು ಬರೆದರೆಂದು ಕಂಡುಹಿಡಿದೆವು ಎಂದು ಎರಡೂ ಕಡೆಯವರು ಬೀಗುತ್ತಿದ್ದರು. ಬೀಗರು ಬೀಗರೇ ಮಾತು ಬಿಟ್ಟರು. ಹೊಸ ಅಧ್ಯಕ್ಷರನ್ನು ಆರಿಸದಿದ್ದರೆ ಶಾಖೆಯೇ ಮುಚ್ಚುತ್ತದೆ ಎಂದು ಮೇಲಿನವರು ಹೇಳಿ ಕಳಿಸಿದರು.

'ಬೇಡ'ಗಳ ಕಡೆಯಿಂದ ನಿಂತವರು ಕೊಬ್ಬರಿ ವ್ಯಾಪಾರಿ ಮರುಳಪ್ಪನವರು. ಇನ್ನೊಬ್ಬರು ಯಾರು ಎನ್ನುವಾಗ ಲಲಿತಕ್ಕ ಎದ್ದಳು. ಕಚೇರಿಯ ಬೀಗ ತೆಗೆಯುವವಳು, ಕಸ ಗುಡಿಸಿ ಬಾವುಟ ಒಗೆದು ಇಡುವವಳು, ಸಭೆಯಲ್ಲಿ ಕೊನೆಗೆ ವಂದನಾರ್ಪಣೆ ಮಾಡುವವಳು. "ನಾನು ನಿಲ್ತೀನಿ. ಆ ಕುರ್ಚಿ ಮ್ಯಾಲೆ ನಂಗೆ ಆಸೆ ಐತೆ," ಎಂದಳು. ಆಸೆ ಇದೆ ಎಂದು ರಾಜಕೀಯದವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕಿವಿ ಬಿಸಿಯಾಯಿತು.

"ಅಕ್ಕಯ್ಯ, ಮೊದ್ಲು ನೀನ್ಯಾವ ಕಡೆ ಹೇಳು," ಎಂದರು ಮರುಳಪ್ಪನವರು.

"ನಾನು ಬಾಗ್ಲು ಕಡೆ. ಬೀಗದ ಕೈ ನನ್ ಹತ್ರ ಐತಲ್ಲ."

ಮತ ಹಾಕುವುದು ಹೇಗೆ? ಚೀಟಿ ಎಂದರೆ ಬೆಂಕಿ ಬೀಳುತ್ತಿತ್ತು. ಕೈ ಎತ್ತಿದರೆ ದ್ವೇಷ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಆಗ ದನದ ದಲ್ಲಾಳಿ ಹಾಲಪ್ಪಜ್ಜ ಹೆಗಲ ಟವಲು ತೆಗೆದರು. ದನದ ಸಂತೆಯಲ್ಲಿ ನೀವು ನೋಡಿರಬಹುದು: ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವಲಿನ ಮರೆಯಲ್ಲಿ ಕೈ ಕೈ ಹಿಡಿದು ಬೆರಳಲ್ಲಿ ಹೇಳುತ್ತಾರೆ. "ಒಂದು ಬೆರಳು ಕೊಟ್ರೆ ಮರುಳಪ್ಪ, ಎರಡು ಕೊಟ್ರೆ ಲಲಿತವ್ವ. ನನ್ ಟವಲ್ ಕೆಳಗಿನ ಮಾತು ಯಾವತ್ತಾದ್ರೂ ಆಚೆ ಬಂದೈತೇನ್ಲಾ?" ಎಂದರು. ಬಂದಿರಲಿಲ್ಲ. ಎರಡೂ ಕಡೆಯವರು ಒಪ್ಪಿದ ಮೊದಲ ವಿಷಯ ಅದು.

ಭಾನುವಾರ ಕಚೇರಿ ತುಂಬಿತು. ಬಿಕ್ಕೋಡಿನವರು ಜೀಪಿನಲ್ಲಿ, ಹಳೇಬೀಡಿನವರು ಬಸ್ಸಿನಲ್ಲಿ ಬಂದಿಳಿದರು. ಹಾಲಪ್ಪಜ್ಜ ಹೊಸ ಟವಲನ್ನೇ ತಂದಿದ್ದರು. ಅದರ ಗಂಜಿವಾಸನೆ ಕೋಣೆಯೆಲ್ಲ. ಹೆಂಗಸರ ಕೈ ಹಿಡಿಯಲು ಮಾತ್ರ ಅವರು ಸಂಕೋಚಪಟ್ಟು, "ನೀನು ಕೂತ್ಕೊ ಮಗಳೆ," ಎಂದು ನನ್ನನ್ನು ಪರದೆಯಾಚೆ ಕೂರಿಸಿದರು. ನಾನು ಸೆರಗಿನ ಮರೆಯಲ್ಲಿ ಮತ ಪಡೆದೆ. ಬಳೆಗಳ ನಡುವೆ ಬೆರಳು ತಡಕುವಾಗ ನನ್ನ ಎದೆ ಡವಡವ ಹೊಡೆದುಕೊಂಡದ್ದು ಮುಂದಿನ ಯಾವ ಚುನಾವಣೆಯಲ್ಲೂ ಹೊಡೆದುಕೊಂಡಿಲ್ಲ. ಯಾರು ಎಷ್ಟು ಬೆರಳು ಕೊಟ್ಟರು ಎಂದು ಕೇಳಬೇಡಿ, ಹೇಳುವುದಿಲ್ಲ.

ಪ್ರತಿ ಮತಕ್ಕೂ ಒಂದೊಂದು ಅವರೆಕಾಳನ್ನು ಎರಡು ಚೊಂಬುಗಳಿಗೆ ಹಾಕಿದ್ದೆವು. ಸುರಿದು ನೋಡಿದರೆ ಲಲಿತಕ್ಕನದು ಗುಡ್ಡೆ, ಮರುಳಪ್ಪನವರದು ಒಂದು ಹಿಡಿ.

"ಇದೆಂಗಾಯ್ತದೆ?" ಮರುಳಪ್ಪನವರು ಸಿಡಿದರು. "ನಾನು ಒಂದು ಬೆರಳು ಕೊಟ್ಟೆ. ಹಾಲಪ್ಪ ತಲೆ ಅಲ್ಲಾಡಿಸ್ದ. ಆಮೇಲೆ ಎರಡು ಕೊಟ್ಟೆ!"

"ನಂಗೂ ತಲೆ ಅಲ್ಲಾಡಿಸ್ದ," ಎಂದರು ಬಿಕ್ಕೋಡಿನವರೊಬ್ಬರು. "ನಂಗೂ," "ನಂಗೂ" ಎಂದು ಮೂಲೆಮೂಲೆಯಿಂದ ದನಿಗಳು.

ಹಾಲಪ್ಪಜ್ಜನ ಮುಖ ನೋಡಬೇಕಿತ್ತು. ಆಯುಷ್ಯವೆಲ್ಲ ದಲ್ಲಾಳಿಕೆ ಮಾಡಿದ ಕೈ. ಯಾವ ದಲ್ಲಾಳಿಯಾದರೂ ಮೊದಲು ಹೇಳಿದ ಬೆಲೆಗೆ ಒಪ್ಪುತ್ತಾನೆಯೆ? ಟವಲಿನಡಿ ಒಂದು ಬೆರಳು ಸಿಕ್ಕ ಕೂಡಲೇ ತಲೆ ತಾನೇ ಅಲ್ಲಾಡಿದೆ. ಎದುರು ಕೂತವರೂ ಜೀವಮಾನವಿಡೀ ದನ ಕೊಂಡವರು; ತಲೆ ಅಲ್ಲಾಡಿದ ಕೂಡಲೇ ಅವರ ಬೆರಳು ಒಂದರಿಂದ ಎರಡಕ್ಕೆ ತಾನೇ ಏರಿದೆ. ಮರುಳಪ್ಪನವರು ತಮ್ಮ ಎದುರಾಳಿಗೇ ಚೌಕಾಸಿ ಮಾಡಿ ಮತ ಕೊಟ್ಟು ಬಂದಿದ್ದರು.

ಮೊದಲು ನಕ್ಕವರು ಯಾರೋ ನೆನಪಿಲ್ಲ. 'ಹೌದು'ಗಳೂ 'ಬೇಡ'ಗಳೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮಾತು ಬಿಟ್ಟಿದ್ದ ಬೀಗರು ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡರು. "ಹೋಗ್ಲಿ, ಬಂದಿದ್ದು ಬಂತು, ಅಕ್ಕನೇ ಇರ್ಲಿ," ಎಂದು ಹಲವರು ಎದ್ದೂಬಿಟ್ಟರು.

ನಗದವಳು ಲಲಿತಕ್ಕ ಒಬ್ಬಳೇ. "ಕೂತ್ಕೊಳ್ರಿ," ಎಂದಳು. "ಹಿಂಗೆ ಬಂದಿದ್ದು ನಂಗೆ ಬ್ಯಾಡ. ಇನ್ನೊಂದ್ ಸಲ ಹಾಕ್ರಿ, ಈ ಸಲ ಕೈ ಎತ್ತಿ." ನಾನು ಅವಳ ಸೆರಗು ಎಳೆದೆ. ಕೈಗೆ ಬಂದ ತುತ್ತನ್ನು ಯಾರಾದರೂ ಬಿಡುತ್ತಾರೆಯೆ? ಅವಳು ಸೆರಗು ಬಿಡಿಸಿಕೊಂಡಳು. "ಬಚ್ಚಿಟ್ಟು ಬಚ್ಚಿಟ್ಟೇ ಇಷ್ಟು ದಿನ ಕಿತ್ತಾಡಿದ್ದು. ಕೇಳ್ತಿದ್ರಲ್ಲ, ಹೇಳ್ತೀನಿ. ನಾನು ಹೌದು ಅಂತ ಹಾಕಿದ್ದೆ. ಸೋತೆ. ಸೋತ ಮಾರನೇ ದಿನಾನೂ ಬಂದು ನಿಮಗೆಲ್ಲ ಬೀಗ ತೆಗ್ದೆ. ಇನ್ನು ನಿಮ್ಮಿಷ್ಟ."

'ಬೇಡ'ಗಳ ಸಾಲಿನಲ್ಲಿ ಗುಜುಗುಜು ಎದ್ದಿತು. ಹೋಯಿತು, ಎಂದುಕೊಂಡೆ. ಅಳುವೇ ಬಂತು ನನಗೆ.

ಮರುಳಪ್ಪನವರಿಗೆ ಕೈಗಳು ಎದ್ದವು. ನಾನು ಎಣಿಸಿದೆ. ಲಲಿತಕ್ಕನಿಗೆ ಎದ್ದವು, ಅವುಗಳಲ್ಲಿ 'ಬೇಡ'ಗಳದ್ದೂ ಕೆಲವು. ಎಣಿಸಿದೆ, ನಂಬಿಕೆಯಾಗದೆ ಮತ್ತೆ ಎಣಿಸಿದೆ. "ಸಮ ಸಮ," ಎಂದಾಗ ನನ್ನ ದನಿ ಕೀರಲಾಗಿತ್ತು. ಅಭ್ಯರ್ಥಿಗಳಿಬ್ಬರೂ ಇನ್ನೂ ಕೈ ಎತ್ತಿರಲಿಲ್ಲ. ಮರುಳಪ್ಪನವರು ಸಭ್ಯರು, ಎದೆಯ ಮೇಲೆ ಕೈ ಕಟ್ಟಿ ಸೂರು ನೋಡುತ್ತ ನಿಂತಿದ್ದರು. ತಮಗೆ ತಾವೇ ಕೈ ಎತ್ತಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವೆ?

ಲಲಿತಕ್ಕ ಎತ್ತಿದಳು. ಅರ್ಧಂಬರ್ಧವಲ್ಲ, ಬಳೆ ಮೊಣಕೈಗೆ ಜಾರುವಷ್ಟು ಮೇಲಕ್ಕೆ.

"ನಿಂಗೆ ನೀನೇ ಎತ್ಕಂತೀಯೇನವ್ವ?" ಎಂದರು ಹಾಲಪ್ಪಜ್ಜ.

"ಮತ್ತೆ? ನಂಗೇ ನಾನು ಬ್ಯಾಡ ಅಂದ್ರೆ ನಿಮ್ಗೆ ಯಾಕ್ ಬೇಕಾಗ್ತೀನಿ?"

ಒಂದು ಮತದಿಂದ ಗೆದ್ದಳು. ಮರುಳಪ್ಪನವರು ಕಟ್ಟಿದ ಕೈ ಬಿಡಿಸುವ ಹೊತ್ತಿಗೆ ಚಪ್ಪಾಳೆ ಬಿದ್ದಿತ್ತು. ಮೊದಲ ಹಾರ ಹಾಕಿದವರೂ ಅವರೇ ಅನ್ನಿ. ನಾನಂತೂ ಮೇಜಿನ ಮೇಲೆ ಹತ್ತಿ ಏನೇನೋ ಕೂಗಿದೆನಂತೆ.

ಮೊನ್ನೆಯಿಂದ ಇದೇ ಗುಂಗಿನಲ್ಲಿರುವಾಗ ಇವತ್ತು ಬೆಳಿಗ್ಗೆ ನಮ್ಮ ಬಡಾವಣೆಯ ಸಂಘದವರು ಬಂದರು. ಈ ಸಲ ಅಧ್ಯಕ್ಷರು ಯಾರಾಗಬೇಕು ಎಂದು ಮನೆಮನೆಗೂ ಕೇಳುತ್ತಿದ್ದಾರೆ. ಪ್ರತಿ ಸಲವೂ ನಾನು "ಅಯ್ಯೋ, ನನಗ್ಯಾಕೆ ಬಿಡಿ, ಬೇರೆ ಯಾರಾದರೂ ಆಗಲಿ" ಎನ್ನುವವಳು. ಹಾಗೆಂದು, ಒತ್ತಾಯ ಮಾಡಿಯಾರು ಎಂದು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಲ್ಲುವವಳು. ಯಾರೂ ಮಾಡಿಲ್ಲ. ಇವತ್ತು ಅವರ ಕೈಗೆ ಕಾಫಿ ಲೋಟ ಕೊಡುತ್ತ, "ನಾನಾಗ್ತೀನಿ. ನನಗೆ ಆಸೆ ಇದೆ," ಎಂದೆ. ಬಂದವರು ಮುಖ ಮುಖ ನೋಡಿಕೊಂಡರು. ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಂದು ಮತ ಮಾತ್ರ ಖಾತ್ರಿ.