ಡಾಕ್ಟರಮ್ಮನ ಮನೆಯ ನಾಲ್ಕನೇ ಬಾಗು

ಬೀದಿಯವರೆಲ್ಲ ಅವರನ್ನು ‘ಮೇಲ್ನೋಟದ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಕೆಲಸ ಮೇಲುಮೇಲಿನದು ಅಂತಲ್ಲ. ಯಾರ ಮನೆಗೆ ಹೋದರೂ ಮನುಷ್ಯರ ಮುಖಕ್ಕಿಂತ ಮೊದಲು ಚಾವಣಿ ನೋಡುವುದು ಅವರ ಚಾಳಿ. ಕುಶಲ ವಿಚಾರಿಸುವುದೂ ಅದನ್ನೇ: “ಈ ಬಿರುಕು ಹೋದ ವರ್ಷ ಇರಲಿಲ್ಲವಲ್ಲ?” ಹೆಂಡತಿಗಂತೂ ಮೂವತ್ತು ವರ್ಷದಿಂದ ಇದೇ ದೂರು. “ಮೊದಲ ಸಲ ನಮ್ಮನೆಗೆ ಬಂದಾಗ ನಾನು ಎದುರಿಗೇ ಕೂತಿದ್ದೆ ಕಣ್ರೀ. ಇವರು ‘ಸ್ವಲ್ಪ ಸೊಟ್ಟ ಇದೆ, ಸರಿ ಮಾಡಬಹುದು’ ಅಂದರು. ನಮ್ಮಪ್ಪ ನನ್ನ ಮೂಗಿನ ವಿಷಯ ಅಂದುಕೊಂಡು ವಾರವೆಲ್ಲ ನಿದ್ದೆಗೆಟ್ಟರು.”

ಗೋಡೆಗೆ ಗಾರೆ ಬಳಿಯುವವರನ್ನು ಮೇಸ್ತ್ರಿ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಗೋಡೆಯದು ಉದುರಿದರೆ ಕಾಲ ಮೇಲೆ ಬೀಳುತ್ತೆ, ಚಾವಣಿಯದು ಉದುರಿದರೆ ಹೆಸರಿನ ಮೇಲೆ ಬೀಳುತ್ತೆ ಅನ್ನುವುದು ಅವರ ವಾದ. ಅದರಲ್ಲೂ ಹಳೇ ಮನೆಗಳ ಚಾವಣಿ ಅಂದರೆ ಪ್ರಾಣ. ಗೋಡೆಯೂ ಚಾವಣಿಯೂ ಮೂಲೆಯಲ್ಲಿ ಮುಖಾಮುಖಿ ಗುದ್ದಿಕೊಳ್ಳದೆ, ಬಾಗಿ ಬಳುಕಿ ಒಂದರೊಳಗೊಂದು ಸೇರಿಹೋಗುವ ಆ ಅಂಚು ಇದೆಯಲ್ಲ, ಅದನ್ನು ಒಂದೇ ಎಳೆತದಲ್ಲಿ ಎಳೆಯುವವರು ಊರಲ್ಲಿ ಅವರೊಬ್ಬರೇ.

ಈಗ ಆ ಒಬ್ಬರ ಬಲಭುಜ ಕೈಕೊಟ್ಟಿತ್ತು. ಎಂಟು ತಿಂಗಳಿಂದ ಕೈ ಎದೆಮಟ್ಟಕ್ಕೆ ಬರುತ್ತಿತ್ತು, ಅಲ್ಲಿಂದಾಚೆ ತುಕ್ಕು ಹಿಡಿದ ಬಾಗಿಲಿನ ಹಾಗೆ ನಿಂತುಬಿಡುತ್ತಿತ್ತು. ಲೋಕದಲ್ಲಿ ಕೈಲಾಗದವರು ಕೈ ಎತ್ತಿಬಿಡುತ್ತಾರೆ. ಮೇಸ್ತ್ರಿಗೆ ಕೈಲಾಗದೆ ಇದ್ದದ್ದೇ ಅದು.

ಈ ವಿಷಯ ಹೆಂಡತಿಗೆ ಗೊತ್ತು. ಭಾಮೈದನಿಗೆ ಗೊತ್ತಾಗಬಾರದು. ಒಂದು ಕಾಲಕ್ಕೆ ಮೇಸ್ತ್ರಿಯ ಕೈಕೆಳಗೇ ಕೆಲಸ ಕಲಿತು, ಈಗ ಮನೆಗಳ ಕೆಲಸ ಹಿಡಿದು ಆಳುಗಳಿಗೆ ಹಂಚುವವನು ಅವನೇ. ಹೋದ ವರ್ಷ ಮಂಡಿ ಹೋದ ಒಬ್ಬ ಹಳೇ ಕೆಲಸಗಾರನನ್ನು ಅವನು ಬಲು ಮರ್ಯಾದೆಯಿಂದಲೇ ಬಚ್ಚಲುಮನೆಯ ಟೈಲ್ಸ್ ಸಂದಿಗೆ ಸಿಮೆಂಟು ತುಂಬಲು ಕೂರಿಸಿದ್ದ. ಆ ಮರ್ಯಾದೆಯನ್ನು ನೆನೆದಾಗಲೆಲ್ಲ ಮೇಸ್ತ್ರಿ ಇನ್ನೊಂದು ನೋವಿನ ಮಾತ್ರೆ ನುಂಗುತ್ತಿದ್ದರು.

ಇಂಥ ಹೊತ್ತಲ್ಲಿ ಬಂದದ್ದು ಹಲ್ಲಿನ ಡಾಕ್ಟರಮ್ಮನ ಮನೆ. ಮುಂದಿನ ದೊಡ್ಡ ಕೋಣೆ, ನಾಲ್ಕೂ ಕಡೆ ಬಾಗಿದ ಅಂಚು, ಅದರ ಕೆಳಗೆ ಸುತ್ತಲೂ ಪುಟ್ಟ ಪುಟ್ಟ ಚೌಕಗಳ ಅಲಂಕಾರದ ಪಟ್ಟಿ, ಥೇಟ್ ಹಲ್ಲಿನ ಸಾಲು.

“ಒಂದು ಹಲ್ಲೂ ಅಲುಗಬಾರದು ಮೇಸ್ತ್ರೀ,” ಅಂದರು ಡಾಕ್ಟರಮ್ಮ.

“ಕೀಳೋದು ನಿಮ್ಮ ಕೆಲಸ ಅಮ್ಮ, ನಂದು ಬಳಿಯೋದು ಮಾತ್ರ.”

ಗುಟ್ಟು ಮುಚ್ಚಲು ಗಂಡಹೆಂಡತಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಅಟ್ಟಣೆಯ ಹಲಗೆಯನ್ನು ಒಂದು ಗೇಣು ಎತ್ತರಿಸಿ ಕಟ್ಟುವುದು. ಆಗ ತಲೆ ಚಾವಣಿಗೆ ತಗಲುತ್ತದೆ, ಕತ್ತು ಬಗ್ಗಿಸಿ ನಿಂತರೆ ಕೈ ಹೆಚ್ಚು ಏಳಬೇಕಾಗಿಲ್ಲ. ಏಳಬೇಕಾದಷ್ಟನ್ನು ಎಡಗೈ ಬಲಮೊಣಕೈಗೆ ಆನಿಸಿ ಎತ್ತಿಕೊಡುತ್ತದೆ. ಎಡಗೈ ಹೀಗೆ ಬಲಗೈಯ ಚಾಕರಿಗೆ ನಿಂತ ಮೇಲೆ ಗಾರೆಯ ಹಲಗೆ ಹಿಡಿಯುವವರು ಯಾರು? ಹೆಂಡತಿ. “ಮನೇಲಿ ಹೊತ್ತು ಹೋಗಲ್ಲ ಕಣೋ, ಅದಕ್ಕೆ ಬರ್ತೀನಿ,” ಎಂದು ಅವಳು ತಮ್ಮನಿಗೆ ಹೇಳಿದ್ದಳು. ತಮ್ಮ ನಂಬಿದ್ದ. ಅಕ್ಕ ಹೊತ್ತು ಕಳೆಯಲು ಅಟ್ಟಣೆ ಹತ್ತುತ್ತಾಳೆ ಎಂದು ನಂಬಬೇಕಾದರೆ ತಮ್ಮನೇ ಆಗಿರಬೇಕು.

ಚಾವಣಿಯ ನಡುಭಾಗಕ್ಕೆ ಕಾಗದದಷ್ಟು ತೆಳ್ಳಗೆ ಎರಡು ಪದರ ಬಳಿದದ್ದಾಯಿತು. ಮೂರು ಕಡೆಯ ಬಾಗೂ ಮುಗಿಯಿತು. ನಾಲ್ಕನೆಯದು ಉಳಿದಿತ್ತು, ಹದಿನಾರು ಅಡಿ. ಬಾಗಿನ ಕೆಲಸದಲ್ಲಿ ನಡುವೆ ನಿಲ್ಲಿಸುವ ಹಾಗಿಲ್ಲ. ಮೊದಲು ಉದ್ದಕ್ಕೂ ಗಾರೆ ಮೆತ್ತಬೇಕು. ಆಮೇಲೆ ಬಾಗಿನ ಆಕಾರಕ್ಕೆ ಕತ್ತರಿಸಿದ ತಗಡಿನ ಅಚ್ಚಿನ ಕೆಳ ಅಂಚನ್ನು ಆ ಹಲ್ಲುಸಾಲಿನ ಮೇಲೆ ಕೂರಿಸಿ, ಈ ಮೂಲೆಯಿಂದ ಆ ಮೂಲೆಗೆ ಒಂದೇ ಸಮ ಎಳೆಯಬೇಕು. ನಡುವೆ ನಿಂತರೆ ಗಂಟು ಬೀಳುತ್ತದೆ. ನೀರಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಬಿದ್ದ ಇಪ್ಪತ್ತು ನಿಮಿಷಕ್ಕೆ ಗಾರೆ ಕಲ್ಲಾಗುತ್ತದೆ. ಮೇಸ್ತ್ರಿಯ ನೋವಿನ ಮಾತ್ರೆಗೂ ಎರಡೇ ಗಂಟೆ ಆಯಸ್ಸು, ಅದರಲ್ಲಿ ಒಂದೂವರೆ ಆಗಲೇ ಕಳೆದಿತ್ತು.

ಹೆಂಡತಿ ಬಕೆಟ್ಟು ಎತ್ತಿಕೊಂಡು ಬಚ್ಚಲ ಕಡೆ ಹೊರಟಳು.

“ಎಲ್ಲಿಗೆ?”

“ತೊಳ್ಕೊಂಡು ಬರ್ತೀನಿ ರೀ. ತಳದಲ್ಲಿ ಹಿಂದಿನದು ಮೆತ್ಕೊಂಡಿದೆ.”

“ಅದಕ್ಕೆಲ್ಲ ಹೊತ್ತಿಲ್ಲ. ಅದರಲ್ಲೇ ಸುರಿ.”

“ನೀವೇ ಅಲ್ವಾ ಯಾವಾಗಲೂ...”

“ಸುರಿ ಅಂದೆ!”

ಅವಳು ಸುರಿದಳು, ಕಲಸಿದಳು, ಮೇಲೆ ಹತ್ತಿ ಗಾರೆಯ ಹಲಗೆ ಹಿಡಿದಳು. ಮೇಸ್ತ್ರಿ ಮೆತ್ತಿದರು. ಅಚ್ಚು ಕೂರಿಸಿ ಎಳೆದರು. ಮೂರಡಿ, ಐದಡಿ, ಬೆಣ್ಣೆ ಸವರಿದ ಹಾಗೆ. ಎಂಟನೇ ಅಡಿಗೆ ಗಾರೆ ಎದುರು ಮಾತಾಡತೊಡಗಿತು. ಕಲಸಿ ಹತ್ತು ನಿಮಿಷವೂ ಆಗಿರಲಿಲ್ಲ. ಒಂಬತ್ತನೇ ಅಡಿಗೆ ಅಚ್ಚು ಕಿರ್ರೆಂದಿತು. ಮೇಸ್ತ್ರಿ ಇದ್ದ ಬಲವನ್ನೆಲ್ಲ ಹಾಕಿ ಎಳೆದರು. ಭುಜದೊಳಗೆ ಏನೋ ಟಕ್ಕೆಂದಿತು.

ಕೈ ಅಲ್ಲೇ ನಿಂತಿತು. ಮುಂದಕ್ಕೆ ಹೋಗದು, ಕೆಳಕ್ಕೆ ಇಳಿಸಿದರೆ ಅಚ್ಚು ಹಲ್ಲುಸಾಲಿನ ಮೇಲೆ ಬೀಳುತ್ತದೆ. ಎಡಗೈ ಮೊಣಕೈಯನ್ನು ಬಿಡುವಂತಿಲ್ಲ. ಹೆಂಡತಿಯ ಎರಡೂ ಕೈ ಗಾರೆಯ ಹಲಗೆಯಲ್ಲಿ, ಅದನ್ನು ಇಡಲು ಅಟ್ಟಣೆಯ ಮೇಲೆ ಜಾಗವಿಲ್ಲ. ನಾಲ್ಕು ಕೈಗಳಿದ್ದೂ ಒಂದೂ ಬಿಡುವಿಲ್ಲದೆ ಇಬ್ಬರೂ ಚಾವಣಿಗೆ ಅಂಟಿದ ಹಾಗೆ ನಿಂತರು. ಕಣ್ಣೆದುರಿಗೇ ಗಾರೆ ಹೊಳಪು ಕಳೆದುಕೊಂಡು ಬಿಳಿಚಿಕೊಳ್ಳುತ್ತಿತ್ತು.

“ರೀ, ಏನು ಮಾಡ್ಲಿ?”

“ಏನೂ ಮಾಡಬೇಡ.” ಮಾಡುವುದು ಏನೂ ಇರಲೂ ಇಲ್ಲ.

ಆಗ ಭಾಮೈದ ಒಳಗೆ ಬಂದ, ಅವನ ಹಿಂದೆ ಡಾಕ್ಟರಮ್ಮ. ಅವನು ಒಂದೇ ಉಸಿರಿಗೆ ಮೇಲೆ ಹತ್ತಿ ಅಚ್ಚು ಹಿಡಿದುಕೊಂಡ. ಮೇಸ್ತ್ರಿಯ ಕೈ ಬೇರೆಯವರದೇನೋ ಎನ್ನುವ ಹಾಗೆ ಕೆಳಗೆ ಬಿತ್ತು.

ಡಾಕ್ಟರಮ್ಮ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. “ಹಳೇದು ಬೆರೆತಿದೆಯಲ್ಲ ಮೇಸ್ತ್ರೀ! ಹಲ್ಲಿನ ಅಚ್ಚು ತೆಗೆಯೋಕೆ ನಾವೂ ಇದನ್ನೇ ಕಲಸೋದು. ಬಟ್ಟಲು ತೊಳೀದಿದ್ರೆ ಕ್ಷಣದಲ್ಲಿ ಗಟ್ಟಿ. ನಿಮಗೆ ಯಾರೂ ಹೇಳಿಲ್ವಾ?”

ಮೂವತ್ತು ವರ್ಷದಿಂದ ಮೇಸ್ತ್ರಿ ಕಂಡವರಿಗೆಲ್ಲ ಗದರಿ ಹೇಳಿದ್ದೇ ಅದನ್ನು.

“ತಪ್ಪು ನಂದೇ,” ಅಂದಳು ಹೆಂಡತಿ.

“ಅವಳದಲ್ಲ,” ಅಂದರು ಮೇಸ್ತ್ರಿ.

ಎಲ್ಲರೂ ಕೆಳಗಿಳಿದರು. ಭಾಮೈದ ಬಕೆಟ್ಟಿನ ಕಡೆ ನೋಡಲಿಲ್ಲ. “ಭಾವ, ಎಲ್ಲಿ, ಕೈ ಎತ್ತಿ.”

ಮೇಸ್ತ್ರಿ ಥಟ್ಟನೆ ಎತ್ತಿದರು, ಎಡಗೈಯನ್ನು.

“ಆ ಕಡೇದು ಭಾವ.”

“ಬಿಡೋ ಅವರನ್ನ,” ಅಂದಳು ಅಕ್ಕ.

ಮೇಸ್ತ್ರಿ ಎತ್ತಿದರು. ಎದೆಯವರೆಗೆ ಬಂತು. ಅಲ್ಲಿ ನಿಂತಿತು, ಯಾರಿಗೋ ನಮಸ್ಕಾರ ಶುರುಮಾಡಿ ಆ ಮನುಷ್ಯ ಯಾರೆಂದು ಮರೆತವರ ಹಾಗೆ.

“ಎಷ್ಟು ದಿನದಿಂದ?”

“ಎಂಟು ತಿಂಗಳು,” ಅಂದಳು ಹೆಂಡತಿ.

“ಒಂದು ಮಾತು ಹೇಳಬಾರದಿತ್ತಾ ಭಾವ?” ಅವನು ಬೈಯಲಿಲ್ಲ. ಬೈದಿದ್ದರೆ ಜಗಳ ಆಡಬಹುದಿತ್ತು. “ನಾಳೆಯಿಂದ ಮೇಲಿನದು ನಾನು ನೋಡ್ಕೋತೀನಿ. ನೀವು ಗೋಡೆ ಕೆಳಗಡೆದು ನೋಡ್ಕೊಳ್ಳಿ, ಆರಾಮಾಗಿ ಕೂತ್ಕೊಂಡು.”

ಬಂತು ಮರ್ಯಾದೆ.

ಭಾಮೈದ ಕಲ್ಲಾದದ್ದನ್ನೆಲ್ಲ ಕೆತ್ತಿ ತೆಗೆದ. ಒಂದು ಹಲ್ಲೂ ಅಲುಗಲಿಲ್ಲ. ಬಕೆಟ್ಟನ್ನು ತಾನೇ ತೊಳೆದ, ಹೊಸದಾಗಿ ಕಲಸಿದ, ಮೆತ್ತಿದ. ಅಚ್ಚು ಹಿಡಿದು ಈ ಮೂಲೆಯಿಂದ ಹೊರಟವನು ಅಟ್ಟಣೆಯ ಮೇಲೆ ಅಡ್ಡಡ್ಡ ಹೆಜ್ಜೆಯಿಡುತ್ತ ಆ ಮೂಲೆಯಲ್ಲೇ ನಿಂತ. ಮೇಸ್ತ್ರಿ ಕೆಳಗೆ, ಬಟ್ಟೆ ಹೊದಿಸಿದ ಸೋಫಾದ ಪಕ್ಕದಲ್ಲಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

“ಕೆಳಗಿಂದ ನೋಡಿ ಹೇಳಿ ಭಾವ. ನಿಮ್ಮ ಕಣ್ಣಿಗೆ ತಪ್ಪಿಸೋಕಾಗಲ್ಲ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ?”

ಮೇಸ್ತ್ರಿ ನೋಡಿದರು. ಕಿಟಕಿಯ ಬೆಳಕು ಬಾಗಿನುದ್ದಕ್ಕೂ ಓರೆಯಾಗಿ ಬಿದ್ದಿತ್ತು. ಉಬ್ಬಿದ್ದರೆ ಒಂದು ನೆರಳು ಕಾಣಲೇಬೇಕು. ಈ ಮೂಲೆಯಿಂದ ನೋಡಿದರು. ನಡುವಿಗೆ ಬಂದು ನೋಡಿದರು. ಆ ಮೂಲೆಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಕೂದಲೆಳೆಯಷ್ಟಾದರೂ ಸಿಗಲಿ ಎಂದು ಮತ್ತೆ ಮೊದಲಿನ ಮೂಲೆಗೆ ಬಂದರು.

“ಎಲ್ಲೂ ಇಲ್ಲ,” ಅಂದರು.

“ಏನು ಭಾವ? ಕೇಳಿಸಲಿಲ್ಲ, ಸ್ವಲ್ಪ ಗಟ್ಟಿಯಾಗಿ.”

“ಎಲ್ಲೂ ಇಲ್ಲ ಅಂದೆನಲ್ಲೋ!”